ಮುಂಬೈಯ ಮಾಟುಂಗಾದಲ್ಲಿ ನಮ್ಮದು ಸಣ್ಣ ಹೋಟೆಲು. ವಿಮೆ ಇಲ್ಲದ, ಸ್ತನ ಕ್ಯಾನ್ಸರ್‌ನಿಂದ ಪಾರಾದ ಹೆಂಗಸರಿಗೆ ನೆರವಾಗುವ ಸಂಸ್ಥೆಗೆ ವರ್ಷಕ್ಕೊಮ್ಮೆ ಒಂದು ದಿನದ ಗಲ್ಲಾ ಕೊಟ್ಟರೆ ಆಗುತ್ತದೆಯೇ?

ಆಗುತ್ತದೆ. ಆದರೆ ಅಷ್ಟೇ ಹಣವನ್ನು ತಿಂಗಳು ತಿಂಗಳು ಹಂಚಿ ಕೊಟ್ಟರೆ ಹೆಚ್ಚು ಉಪಯೋಗ.

ಕಾರಣ, ಚಿಕಿತ್ಸೆ ಮುಗಿದರೂ ಖರ್ಚು ಮುಗಿಯುವುದಿಲ್ಲ. ಹಾರ್ಮೋನ್‌ನಿಂದ ಬೆಳೆಯುವ ಬಗೆಯ ಗಡ್ಡೆಯಾಗಿದ್ದರೆ ಟ್ಯಾಮಾಕ್ಸಿಫೆನ್‌ನಂಥ ಮಾತ್ರೆಯನ್ನು ಸಾಮಾನ್ಯವಾಗಿ 5 ವರ್ಷ, ಕೆಲವರು 10 ವರ್ಷ ದಿನಾ ನುಂಗಬೇಕು. ವರ್ಷಕ್ಕೊಂದು ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ. ಕಂಕುಳಿನ ಗ್ರಂಥಿ ತೆಗೆದವರಿಗೆ ತೋಳು ಬಾತರೆ ತೋಳಿಗೆ ತೊಡುವ ಬಿಗಿ ಪಟ್ಟಿ (ಕಂಪ್ರೆಷನ್ ಸ್ಲೀವ್) ಬೇಕು. ಅದು ಸಡಿಲವಾದರೆ ಪ್ರಯೋಜನವಿಲ್ಲ, ಹೊಸದೇ ಆಗಬೇಕು. ಇದರ ಮೇಲೆ ವಿರಾರ್, ಬದ್ಲಾಪುರದಂಥ ದೂರದ ಊರುಗಳಿಂದ ಪರೇಲಿನ ಟಾಟಾ ಆಸ್ಪತ್ರೆಗೆ ಬಂದು ಹೋಗುವ ದಿನದ ಕೂಲಿಯೂ ಹೋಯಿತು. ಮುಂದಿನ ತಿಂಗಳು ಎಷ್ಟು ಬರುತ್ತದೆಂದು ಗೊತ್ತಿಲ್ಲದ ಸಂಸ್ಥೆ ಯಾರಿಗೂ 5 ವರ್ಷದ ಮಾತ್ರೆಯ ಮಾತು ಕೊಡಲಾರದು. ಸ್ತನ ಕ್ಯಾನ್ಸರ್ ಜಾಗೃತಿಯ ತಿಂಗಳಾದ ಅಕ್ಟೋಬರಿನಲ್ಲಿ ಗುಲಾಬಿ ರಿಬ್ಬನ್ ಕಟ್ಟುವವರಿಗೇನೂ ಕೊರತೆಯಿಲ್ಲ ಬಿಡಿ, ಜೂನಿನಲ್ಲಿ ಕೊಡುವವರು ಬೇಕು.

ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕೆನ್ನುವ ಸಿಎಸ್ಆರ್ ಕಾನೂನಿನ ಚಿಂತೆ ನಿಮಗೆ ಬೇಡ. ಅದು ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಅಥವಾ 1,000 ಕೋಟಿ ವಹಿವಾಟಿನಂಥ ದೊಡ್ಡ ಕಂಪನಿಗಳಿಗೆ. ಹಣ ಮಾತ್ರ ಬ್ಯಾಂಕ್ ಮೂಲಕವೇ ಕೊಡಿ: 2,000 ರೂಪಾಯಿ ಮೀರಿದ ನಗದು ದಾನಕ್ಕೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ.