ಮಣ್ಣು ಮಾಡುವ ಹೊಣೆ ಯಾರಿಗೆ ವಹಿಸಲಿ?

ಪ್ರಶ್ನೆ: ನನಗೆ 71 ವರ್ಷ. ನಿವೃತ್ತ ಶಿಕ್ಷಕಿ, ದಾವಣಗೆರೆಯಲ್ಲಿ ಒಬ್ಬಳೇ ಇದ್ದೇನೆ. ಮಗ ಅಮೆರಿಕದಲ್ಲಿ, ಮಗಳು ಹುಬ್ಬಳ್ಳಿಯಲ್ಲಿ. ಕಷ್ಟಸುಖಕ್ಕೆ ಆಗುವವನು ಇಲ್ಲೇ ಇರುವ ತಂಗಿ ಮಗ. ನಾನು ಹೋದ ಮೇಲೆ ಕಣ್ಣು ದಾನವಾಗಬೇಕು, ಚನ್ನಗಿರಿ ಕಡೆಯ ತೋಟದಲ್ಲಿ ಯಜಮಾನರ ಸಮಾಧಿ ಪಕ್ಕದಲ್ಲೇ ಮಣ್ಣು ಮಾಡಬೇಕು. ಈ ಹೊಣೆಯನ್ನು ತಂಗಿ ಮಗನಿಗೆ ವಹಿಸಿ ಉಯಿಲಿನಲ್ಲಿ ಬರೆದರೆ ಸಾಕೇ? ಮಗ ನೊಂದುಕೊಂಡಾನೇ ಎಂಬ ಅಳುಕು.

ವಕೀಲರ ಉತ್ತರ: ತಂಗಿ ಮಗನಿಗೇ ವಹಿಸಿ, ಅಮ್ಮಾ. ಕರೆದ ಗಳಿಗೆಯಲ್ಲಿ ಬರುವವನು, ನೆಂಟರ ನಡುವೆ ನಿಂತು "ದೊಡ್ಡಮ್ಮ ಹೀಗೇ ಹೇಳಿದ್ದರು" ಎನ್ನಬಲ್ಲವನು ಬೇಕು. ಆದರೆ ಉಯಿಲಿನಲ್ಲಿ ಬರೆದರಷ್ಟೇ ಸಾಲದು. ನಮ್ಮ ಕಡೆ ಬೀರು ತೆಗೆದು ಉಯಿಲು ಓದುವುದೇ ಸಾವಿನ ನಂತರದ ಶಿವಗಣಾರಾಧನೆ ಮುಗಿದ ಮೇಲೆ. ಅಷ್ಟೊತ್ತಿಗೆ ಕಣ್ಣೂ ಇಲ್ಲ, ಜಾಗದ ಮಾತೂ ಇಲ್ಲ. ಎರಡೂ ಆಸೆಗಳನ್ನು ಬೇರೆ ಕಾಗದದಲ್ಲಿ ಬರೆದು ಮೂವರಿಗೂ ಈಗಲೇ ಕೊಡಿ.

ಕಣ್ಣಿಗೆ ಇರುವ ಅವಧಿ ಸುಮಾರು 6 ಗಂಟೆ. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ, ತಲೆಗೆ ದಿಂಬು ಕೊಟ್ಟು ಕೂಡಲೇ ನೇತ್ರ ಭಂಡಾರಕ್ಕೆ ಫೋನ್ ಮಾಡಬೇಕು. ಇದನ್ನು ತಂಗಿ ಮಗನಿಗೆ ಕಲಿಸಿಡಿ. ದಾನದ ನಂತರ ಮುಖ ವಿಕಾರವಾಗುವುದಿಲ್ಲ; ವಿಭೂತಿ ಧರಿಸಿ, ಕೂರಿಸಿ, ಕ್ರಿಯಾ ಸಮಾಧಿ ಮಾಡಲು ಯಾವ ಅಡ್ಡಿಯೂ ಇಲ್ಲ. ಒಂದು ಎಚ್ಚರ: 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ದಾನಪತ್ರಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು, ಅವರಲ್ಲಿ ಒಬ್ಬರಾದರೂ ಹತ್ತಿರದ ಸಂಬಂಧಿಯಾಗಿರಬೇಕು. ಆ ಕಾಯ್ದೆಯ ಪಟ್ಟಿಯಲ್ಲಿ ಮಕ್ಕಳಿದ್ದಾರೆ, ಅಕ್ಕತಂಗಿಯರ ಮಕ್ಕಳಿಲ್ಲ. ಆದ್ದರಿಂದ ಮಗಳ ಸಹಿ ಹಾಕಿಸಿ.

ತೋಟದ ಪಹಣಿ ಈಗ ಯಾರ ಹೆಸರಿನಲ್ಲಿದೆ, ತೆಗೆಸಿ ನೋಡಿ. ಪಾಲಾಗಿ, ಯಜಮಾನರ ಸಮಾಧಿ ಇರುವ ಗುಂಟೆ ಮೈದುನನ ಪಾಲಿಗೆ ಹೋಗಿದ್ದರೆ ಅವರ ಒಪ್ಪಿಗೆಯನ್ನು ನೀವೇ ಕೇಳಿ ಬರೆಸಿಕೊಳ್ಳಿ. ಹೆಣ ಮನೆಯಲ್ಲಿಟ್ಟುಕೊಂಡು ಆ ಹುಡುಗ ಕೇಳುವಂತಾಗಬಾರದು.

ಉಯಿಲಿನಲ್ಲಿ ತಂಗಿ ಮಗನನ್ನು ನಿರ್ವಾಹಕ, ಅಂದರೆ ಉಯಿಲಿನಂತೆ ಎಲ್ಲವನ್ನೂ ನಡೆಸಿಕೊಡುವವನು (ಎಕ್ಸಿಕ್ಯೂಟರ್), ಎಂದು ಹೆಸರಿಸಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ನಿಮ್ಮ ಆಸ್ತಿಯಿಂದ ಅಂತ್ಯಕ್ರಿಯೆಗೆ ಹಣ ಒದಗಿಸುವುದು ನಿರ್ವಾಹಕನ ಕರ್ತವ್ಯ. ಆ ಖರ್ಚು ಸಾಲಕ್ಕಿಂತ ಮೊದಲು ಸಲ್ಲುತ್ತದೆ. ಆದರೆ ಒಬ್ಬರದೇ ಹೆಸರಿನ ಖಾತೆಯಿಂದ ಅಂದೇ ದುಡ್ಡು ತೆಗೆಯಲಾಗದು, ನಾಮಿನಿ ಇದ್ದರೂ ಮರಣ ಪತ್ರ ಬೇಕು. ಫ್ರೀಜರ್ ಬಾಕ್ಸು, ಗಾಡಿ, ಕುಣಿ ತೋಡುವವರ ಕೂಲಿಗೆಂದು ಸ್ವಲ್ಪ ಹಣ ಅವನ ಕೈಯಲ್ಲೇ ಇಟ್ಟಿರಿ. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳು ಬೇಕೇ ಬೇಕು.

ಇನ್ನು ಮಗ. ಅವನ ನೋವನ್ನು ಹಗುರವಾಗಿ ಕಾಣಬೇಡಿ. ದೂರ ಇರುವ ಮಕ್ಕಳಿಗೆ ಈ ಅಳುಕು ಮೊದಲೇ ಇರುತ್ತದೆ. ವಿಡಿಯೊ ಕಾಲ್ ಮಾಡಿ, ತಂಗಿ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ: ಕ್ರಿಯೆಗೆ ಕೂರುವವನು ನೀನೇ, ಓಡಾಡುವವನು ಇವನು. ನೀವಿಲ್ಲದ ದಿನ ಬೇರೆಯವರ ಬಾಯಲ್ಲಿ ಕೇಳಿದರೆ ಮಾತ್ರ ಅದು ಜಗಳವಾಗುತ್ತದೆ. ಅವನು ಬರುವವರೆಗೆ ಕಾಯಬೇಕೇ, ಎಷ್ಟು ಹೊತ್ತು ಎಂಬುದನ್ನೂ ಆ ಕರೆಯಲ್ಲೇ ತೀರ್ಮಾನಿಸಿ.

ನಿರ್ವಾಹಕನಾಗಲು ಯಾರನ್ನೂ ಒತ್ತಾಯಿಸುವಂತಿಲ್ಲ, ತಂಗಿ ಮಗ ಒಲ್ಲೆ ಎನ್ನಬಹುದು. ಆದ್ದರಿಂದ ಕೇಳಿಯೇ ಹೆಸರು ಬರೆಯಿರಿ. ಎರಡನೇ ಹೆಸರಾಗಿ ಮಗಳದ್ದಿರಲಿ.