ಎಸ್ಟೋನಿಯಾದ ಊರೂರಿನ ಗಾಯನವೃಂದಗಳ ಮೂಲ

ನಮಸ್ಕಾರ. ಹದಿಮೂರು ಲಕ್ಷದಷ್ಟು ಜನರಿರುವ ಎಸ್ಟೋನಿಯಾದಲ್ಲಿ ಊರೂರಿಗೂ ಗಾಯನವೃಂದವಿರುವುದು ಸೋವಿಯತ್ ಕಾಲದ ಕೊಡುಗೆಯೇ ಎಂದು ತಾವು ಕೇಳಿದ್ದೀರಿ. ಅಲ್ಲ, ಅದರ ಬೇರು ಇನ್ನೂ ಹಳೆಯದು. 18ನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಮೊರೇವಿಯನ್ ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಪಂಥದವರು ರೈತರಲ್ಲಿ ಸ್ತೋತ್ರಗಳನ್ನು ಒಟ್ಟಾಗಿ ಹಾಡುವ ರೂಢಿಯನ್ನು ಬೆಳೆಸಿದರು; ಮುಂದೆ ಹಳ್ಳಿಯ ಶಾಲಾ ಮೇಷ್ಟರುಗಳು ಅದಕ್ಕೆ ವೃಂದದ ಶಿಸ್ತು ತಂದರು. ಈ ಮೇಷ್ಟರುಗಳ ಪಾಲು ದೊಡ್ಡದು, ಅದನ್ನು ಯಾರೂ ಸಾಕಷ್ಟು ನೆನೆಯುವುದಿಲ್ಲ ಎಂಬುದು ನನ್ನ ಅನಿಸಿಕೆ.

1865ರಲ್ಲಿ ತಾರ್ತು ನಗರದಲ್ಲಿ ಹುಟ್ಟಿದ ವಾನೆಮುಯಿನೆ ಎಂಬ ಗಾಯನ ಸಂಘವು, ಪತ್ರಿಕಾ ಸಂಪಾದಕ ಯೋಹಾನ್ ವೊಲ್ಡೆಮಾರ್ ಯಾನ್ಸೆನ್ ಅವರ ಮುಂದಾಳತ್ವದಲ್ಲಿ, ಲಿವೋನಿಯಾ ಪ್ರಾಂತದ (ಇಂದಿನ ದಕ್ಷಿಣ ಎಸ್ಟೋನಿಯಾ ಮತ್ತು ಉತ್ತರ ಲಾಟ್ವಿಯಾ) ರೈತರು ಜೀತದಿಂದ ಬಿಡುಗಡೆ ಹೊಂದಿ ಐವತ್ತು ವರ್ಷ ತುಂಬಿದ ನೆನಪಿಗೆ, 1869ರಲ್ಲಿ ಮೊದಲ ಗಾಯನೋತ್ಸವವನ್ನು ನಡೆಸಿತು. ಆಗ ಹಾಡಿದವರು ಗಂಡಸರು ಮಾತ್ರ (ಹೆಂಗಸರೂ ಇರುವ ಮಿಶ್ರವೃಂದಗಳಿಗೆ 1891ರವರೆಗೆ ಕಾಯಬೇಕಾಯಿತು). ಉತ್ಸವಕ್ಕೆ ಎಲ್ಲರೂ ಅವೇ ಹಾಡುಗಳನ್ನು ಮೊದಲೇ ಕಲಿತು ಬರಬೇಕಾಗಿದ್ದುದರಿಂದ, ಊರುಗಳಲ್ಲಿ ಹೊಸ ವೃಂದಗಳನ್ನು ಕಟ್ಟಲು ಅದೇ ಪ್ರೇರಣೆಯಾಯಿತು.

ಸೋವಿಯತ್ ಆಡಳಿತವು ಉತ್ಸವವನ್ನು ನಿಲ್ಲಿಸದೆ ತನ್ನ ಸ್ತುತಿಗೀತೆಗಳನ್ನು ಅದಕ್ಕೆ ಸೇರಿಸಿತು. ಆದರೂ 1988ರಲ್ಲಿ ರಾಜಧಾನಿ ತಾಲಿನ್‌ನ ಗಾಯನ ಮೈದಾನದಲ್ಲಿ ನೆರೆದ ಭಾರೀ ಜನಸಮೂಹ ತನ್ನ ನಾಡಿನ ಹಾಡುಗಳನ್ನೇ ಹಾಡಿತು. 1991ರಲ್ಲಿ ದೇಶ ಮತ್ತೆ ಸ್ವತಂತ್ರವಾಯಿತು.