ಮಳೆಯಿಲ್ಲದೆ ಬೈಕ್ ಒದ್ದೆ

ಪ್ರಶ್ನೆ: ನಮ್ಮದು ಪುಣೆಯ ಕೋಥರೂಡ್. ಹೋದ ಚಳಿಗಾಲ ಎರಡು ತಿಂಗಳು ಧಾರವಾಡಕ್ಕೆ ಹೋಗಿದ್ದೆ. ಶೆಡ್ಡಿನಲ್ಲಿ ಪ್ಲಾಸ್ಟಿಕ್ ಕವರ್ ಹಾಕಿಟ್ಟಿದ್ದರೂ ಬೈಕಿನ ಚೈನ್ ತುಕ್ಕು ಹಿಡಿದಿತ್ತು. ಮಳೆಯೇ ಇಲ್ಲದೆ ನೀರು ಎಲ್ಲಿಂದ ಬಂತು ಸರ್?

ಉತ್ತರ: ಗಾಳಿಯಿಂದಲೇ ಬಂತು. ಜನವರಿಯಲ್ಲಿ ಪುಣೆಯ ಮಧ್ಯಾಹ್ನ 30 ಡಿಗ್ರಿಯ ಹತ್ತಿರ, ರಾತ್ರಿ 10–12. ತಣ್ಣಗಾದ ಕಬ್ಬಿಣಕ್ಕೆ ತೇವದ ಗಾಳಿ ತಾಗಿದರೆ ಹನಿಗಟ್ಟುತ್ತದೆ, ಫ್ರಿಜ್ಜಿನಿಂದ ತೆಗೆದ ಚೊಂಬಿನ ಹಾಗೆ. ಪ್ಲಾಸ್ಟಿಕ್ ಅದನ್ನು ಆರಲು ಬಿಡುವುದಿಲ್ಲ. ಒಂದು ಬೆಳಿಗ್ಗೆ ನನ್ನ ಬೈಕಿನ ಕವರ್ ಎತ್ತಿದರೆ ಒಳಮೈಯಿಂದ ಹನಿ ಉದುರಿ ಮೊಣಕೈವರೆಗೂ ಒದ್ದೆಯಾಯಿತು. ಅವತ್ತೇ ಅದನ್ನು ಬಿಸಾಡಿ ಹಳೇ ಕಾಟನ್ ಬೆಡ್‌ಶೀಟ್ ಹೊದಿಸಿದೆ. ಸೂರಿನ ಕೆಳಗೆ ಅಷ್ಟೇ ಸಾಕು.

ಹೊರಡುವ ಮುಂಚೆ ತೊಳೆದು, ಅರ್ಧ ಗಂಟೆ ಓಡಿಸಿ, ಒಣಗಿಸಿ. ಚೈನಿಗೆ ಲೂಬ್ ಹಚ್ಚಿ. ಕಬ್ಬಿಣದ ಟ್ಯಾಂಕ್ ಆದರೆ ಫುಲ್ ಮಾಡಿಸಿ; ಒಳಗೆ ಖಾಲಿ ಜಾಗ ಜಾಸ್ತಿ ಇದ್ದಷ್ಟೂ ತೇವ ಜಾಸ್ತಿ.

ಇನ್ನೊಂದು ಮಾತು. ಪಕ್ಕದ ಮನೆಯವರಿಗೆ ಕೀ ಕೊಟ್ಟು ‘ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ’ ಅಂತ ದಯವಿಟ್ಟು ಹೇಳಬೇಡಿ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಇಂಜಿನ್ ಚೆನ್ನಾಗಿ ಕಾಯದಿದ್ದರೆ ಅದು ಸೈಲೆನ್ಸರ್ ಒಳಗೇ ನೀರಾಗಿ ನಿಲ್ಲುತ್ತದೆ. ಇಪ್ಪತ್ತು ನಿಮಿಷ ರಸ್ತೆಯಲ್ಲಿ ಓಡಿಸಲಿ, ಆಗದಿದ್ದರೆ ಸುಮ್ನೆ ಬಿಡಲಿ.